ಬಾಲ್ಕನಿಯ ಬಸಳೆ, ಕುಂಡದ ಕೆಸು

ಜೂನ್‌ನಲ್ಲಿ ಪುಣೆಗೆ ಮಳೆ ಹಿಡಿಯಿತೆಂದರೆ ಕೋಥ್ರೂಡಿನ ನಮ್ಮ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವುದಕ್ಕೂ ಜಾಗ ಉಳಿಯುವುದಿಲ್ಲ. ಊರಿನಿಂದ ತಂದ ಬಸಳೆಯ ದಂಟುಗಳನ್ನು ನಮ್ಮ ಯಜಮಾನರು ಒಂದೆರಡು ಗೆಣ್ಣಾದರೂ ಮಣ್ಣಿನೊಳಗಿರುವಂತೆ ಕುಂಡಗಳಲ್ಲಿ ಊರಿ, ಬಳ್ಳಿ ಹಬ್ಬಲೆಂದು ಕಿಟಕಿಯ ಸರಳುಗಳಿಗೆ ಸೆಣಬಿನ ದಾರ ಕಟ್ಟಿಬಿಡುತ್ತಾರೆ. ಎಲೆ ಕೀಳುವ ಹಕ್ಕು ಮಾತ್ರ ನನ್ನದು.

ಕೆಸುವಿನ ವಿಷಯದಲ್ಲಿ ನಮಗಿನ್ನೂ ಒಮ್ಮತವಿಲ್ಲ. ಅದರ ಎಲೆಯಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಹರಳುಗಳು ಗಂಟಲನ್ನು ತುರಿಸುತ್ತವೆಂದು ಅವರು ಹುಣಸೆಹುಳಿಯನ್ನು ಧಾರಾಳವಾಗಿ ಹಾಕಿಸುತ್ತಾರೆ; ಚೆನ್ನಾಗಿ ಬೆಂದರೆ ಅಷ್ಟು ಹುಳಿ ಬೇಡವೆಂಬುದು ನನ್ನ ವಾದ. ಪಕ್ಕದ ಮನೆಯ ಕಾಕೂ ಅದೇ ಎಲೆಗೆ ಹುಳಿ, ಬೆಲ್ಲ ಬೆರೆಸಿದ ಕಡಲೆಹಿಟ್ಟನ್ನು ಸವರಿ ಅಳೂವಡಿ ಮಾಡುತ್ತಾರೆ. ರುಚಿಯಾಗಿಯೇ ಇರುತ್ತದೆ, ಆದರೆ ಪತ್ರೊಡೆಗೆ ನೆನೆಸಿ ರುಬ್ಬಿದ ಅಕ್ಕಿಯೇ ಆಗಬೇಕು (ಈ ಪಕ್ಷಪಾತವನ್ನು ನಾನು ಬಿಡುವವಳಲ್ಲ).

ಚಳಿಗಾಲಕ್ಕೆ ಸೇವಂತಿಗೆಯ ಸರದಿ. ಜನವರಿಯಲ್ಲಿ ಎಂಪ್ರೆಸ್ ಗಾರ್ಡನ್ನಿನ ಪುಷ್ಪ ಪ್ರದರ್ಶನಕ್ಕೆ ಹೋದರೆ ಬರಿಗೈಯಲ್ಲಿ ಮರಳುವ ಮಾತೇ ಇಲ್ಲ. ಜೊತೆಯಾಗಿ ಮಣ್ಣು ಕಲಸುವ ದಂಪತಿಗಳ ನಡುವೆ ಜಗಳ ಕಡಿಮೆಯೆಂದು ಯಾರಾದರೂ ಹೇಳಿದರೆ ನಾನಂತೂ ನಂಬಲಾರೆ, ಆದರೂ ಗೊಬ್ಬರ ಎಷ್ಟು ಹಾಕಬೇಕೆಂಬ ಜಗಳವು ದುಡ್ಡುಕಾಸಿನ ಜಗಳಕ್ಕಿಂತ ಎಷ್ಟೋ ಹಿತ. ಈ ಭಾನುವಾರ ಪತ್ರೊಡೆ. ಹುಳಿಯ ಅಳತೆ ಇನ್ನೂ ತೀರ್ಮಾನವಾಗಿಲ್ಲ.