ಹೀರೋಸ್ 3ರಲ್ಲಿ ಮೊದಲು ಯಾವ ಟೌನ್ ತಗೊಳ್ಳಲಿ?

ಹೀರೋಸ್ ಆಫ್ ಮೈಟ್ ಆಂಡ್ ಮ್ಯಾಜಿಕ್ 3 ಹೊಸದಾಗಿ ಹಾಕಿಕೊಂಡವರೆಲ್ಲ ನನ್ನನ್ನು ಕೇಳುವುದು ಇದನ್ನೇ. ಕೆಲವರು ಆಟ ಡೌನ್‌ಲೋಡ್ ಆಗುತ್ತಿರುವಾಗಲೇ ಮೆಸೇಜ್ ಕಳಿಸುತ್ತಾರೆ. ಪ್ರತಿಸಲ ಬಿಡಿ ಬಿಡಿಯಾಗಿ ಉತ್ತರಿಸುವ ಬದಲು ಒಂದೇ ಕಡೆ ಬರೆದಿಡುತ್ತೇನೆ, ಮುಂದೆ ಕೇಳಿದವರಿಗೆ ಇದನ್ನೇ ಕಳಿಸಿದರಾಯ್ತು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ನ್ಯೂ ವರ್ಲ್ಡ್ ಕಂಪ್ಯೂಟಿಂಗ್ ಮಾಡಿ, 3ಡಿಒ ಕಂಪನಿ 1999ರಲ್ಲಿ ಹೊರತಂದ ಆಟ ಇದು. ಕುದುರೆ ಮೇಲೆ ಕೂತ ಒಬ್ಬ ಹೀರೋನನ್ನು ಮ್ಯಾಪ್ ತುಂಬ ಓಡಾಡಿಸಬೇಕು. ಗಣಿ ಹಿಡಿಯಬೇಕು, ಊರು ಕಟ್ಟಬೇಕು, ಸೈನ್ಯ ಕೂಡಿಸಬೇಕು, ಎದುರಾಳಿಯ ಊರನ್ನು ಕಿತ್ತುಕೊಳ್ಳಬೇಕು. ಎಲ್ಲವೂ ಸರದಿ ಪ್ರಕಾರ. ಹಾಗಾಗಿ ಒಂದೇ ಕಂಪ್ಯೂಟರ್ ಮುಂದೆ ನಾಲ್ಕು ಜನ ಕೂತು, ಒಬ್ಬರ ಸರದಿಯಲ್ಲಿ ಉಳಿದವರು ಕಾಫಿ ಕುಡಿಯುತ್ತಾ ಆಡಬಹುದು. ಮೂಲ ಆಟದಲ್ಲಿ ಎಂಟು ಟೌನ್. ಅದೇ ವರ್ಷ ಬಂದ ಆರ್ಮಗೆಡನ್ಸ್ ಬ್ಲೇಡ್ ಎಂಬ ವಿಸ್ತರಣೆ ಒಂಬತ್ತನೆಯದಾಗಿ ಕಾನ್‌ಫ್ಲಕ್ಸ್ ಅನ್ನು ಸೇರಿಸಿತು. ಅಭಿಮಾನಿಗಳೇ ಕಟ್ಟಿದ ಹಾರ್ನ್ ಆಫ್ ದಿ ಅಬಿಸ್ ಹಾಕಿಕೊಂಡರೆ ಕೋವ್, ಫ್ಯಾಕ್ಟರಿ ಅಂತ ಇನ್ನೂ ಸಿಗುತ್ತವೆ. ಇದನ್ನು ಆಡುವವರು ಚಿಕ್ಕದಾಗಿ ಹೋಟಾ ಅನ್ನುತ್ತಾರೆ. ಪ್ರತಿ ಟೌನ್‌ಗೂ ಅದರದೇ ಏಳು ಹಂತದ ಸೈನಿಕರು, ಅದರದೇ ಹೀರೋಗಳು.

ನನ್ನ ಉತ್ತರ: ಸ್ಟ್ರಾಂಗ್‌ಹೋಲ್ಡ್.

ಕೇಳಿದವರ ಮುಖ ಸಪ್ಪಗಾಗುವುದು ಗೊತ್ತು. ಅವರ ಮನಸ್ಸಲ್ಲಿ ಆಗಲೇ ಕ್ಯಾಸಲ್ ಕೂತಿರುತ್ತದೆ. ಬಿಳಿ ಕೋಟೆ, ರೆಕ್ಕೆಯ ಏಂಜೆಲ್, ಕುದುರೆ ಸವಾರರು. ಅದರ ಮುಂದೆ ಮಣ್ಣು ಬಣ್ಣದ ಈ ಊರು, ಹಸಿರು ಮೂತಿಯ ಗಾಬ್ಲಿನ್‌ಗಳು ಯಾರಿಗೆ ಬೇಕು, ಅಲ್ವಾ? ಆದರೆ ಹೊಸಬರು ಟೌನ್ ಆರಿಸುವುದು ಹೆಚ್ಚಾಗಿ ಏಳನೇ ಹಂತದ ಪ್ರಾಣಿಯ ಚಿತ್ರ ನೋಡಿ. ಆಟ ನಿಲ್ಲುವುದೋ ಬೀಳುವುದೋ ಮೊದಲ ವಾರದಲ್ಲಿ. ಆ ವಾರದಲ್ಲಿ ಏಂಜೆಲ್ ಕೈಗೆ ಬರುವುದು ಅಪರೂಪ.

ಲೆಕ್ಕ ನೋಡಿ. ನಾರ್ಮಲ್ ಮಟ್ಟದಲ್ಲಿ ಆಟ ಶುರು ಮಾಡಿದರೆ ಕೈಯಲ್ಲಿ 20,000 ಚಿನ್ನ, ಮರ ಮತ್ತು ಅದಿರು 20 ಇಪ್ಪತ್ತು, ಪಾದರಸ, ಗಂಧಕ, ಕ್ರಿಸ್ಟಲ್, ರತ್ನ ಹತ್ತತ್ತು ಇರುತ್ತವೆ. ಏಂಜೆಲ್‌ಗಳ ಮನೆ ಪೋರ್ಟಲ್ ಆಫ್ ಗ್ಲೋರಿಗೆ ಬೇಕಾದದ್ದು 20,000 ಚಿನ್ನ, ಜೊತೆಗೆ ಆ ನಾಲ್ಕು ಅಪರೂಪದ ವಸ್ತುಗಳೂ ಹತ್ತತ್ತು. ಅಂದರೆ ಬೊಕ್ಕಸ ಪೂರ್ತಿ ಖಾಲಿ. ಅದನ್ನು ಕಟ್ಟುವ ಮೊದಲು ಮಠ ಬೇಕು, ಮಠಕ್ಕೆ ಮೊದಲು ಮಂತ್ರ ಕಲಿಸುವ ಮೇಜ್ ಗಿಲ್ಡ್ ಬೇಕು. ಎಲ್ಲ ಆದಮೇಲೆ ಒಂದು ಏಂಜೆಲ್‌ಗೆ 3,000 ಚಿನ್ನ, ಒಂದು ರತ್ನ. ಮೊದಲ ದಿನದಿಂದಲೇ ಇದಕ್ಕಾಗಿ ಹಣ ಕೂಡಿಡುವುದು, ಪಾಯ ತೋಡುವ ಮೊದಲೇ ಗೃಹಪ್ರವೇಶದ ಅಡುಗೆಯವರಿಗೆ ಮುಂಗಡ ಕೊಟ್ಟ ಹಾಗೆ.

ಸ್ಟ್ರಾಂಗ್‌ಹೋಲ್ಡ್‌ನ ಏಳನೇ ಹಂತದ ಪ್ರಾಣಿ ಬೆಹೆಮತ್. ಅದರ ಮನೆಗೆ 10,000 ಚಿನ್ನ, ಮರ, ಅದಿರು, ಕ್ರಿಸ್ಟಲ್ ಹತ್ತತ್ತು. ಪಾದರಸ ಬೇಡ, ಗಂಧಕ ಬೇಡ, ರತ್ನ ಬೇಡ. ಮೇಜ್ ಗಿಲ್ಡ್ ಕೂಡ ಬೇಡ. ಆರ್ಕ್‌ಗಳ ಗೋಪುರ, ಅದರ ಮೇಲೆ ರಾಕ್ ಹಕ್ಕಿಗಳ ಗೂಡು, ಆಮೇಲೆ ನೇರ ಬೆಹೆಮತ್. ದಿನಕ್ಕೆ ಒಂದೇ ಕಟ್ಟಡ ಕಟ್ಟಬಹುದು ಅನ್ನುವುದು ಆಟದ ನಿಯಮ. ಹಾಗಿದ್ದೂ ಮರ, ಅದಿರು ಬೇಗ ಹಿಡಿದುಕೊಂಡರೆ ಮೊದಲ ವಾರದೊಳಗೇ ಇದು ಮುಗಿಯುತ್ತದೆ. ಎರಡನೇ ವಾರದ ಮೊದಲ ದಿನ ಬೆಹೆಮತ್ ನಿಮ್ಮ ಸೈನ್ಯದಲ್ಲಿ. ಒಂದಕ್ಕೆ ಬರೀ 1,500 ಚಿನ್ನ. ಏಂಜೆಲ್‌ಗಿಂತ ದುರ್ಬಲ, ಸುಳ್ಳು ಹೇಳುವುದಿಲ್ಲ. ಏಂಜೆಲ್‌ಗೆ 200 ಜೀವ, ಇದಕ್ಕೆ 160. ಏಂಜೆಲ್ ಹಾರುತ್ತದೆ, ಇದು ನಡೆಯುತ್ತದೆ. ಆದರೆ ಎದುರಾಳಿಯ ರಕ್ಷಣೆಯಲ್ಲಿ 40% ಲೆಕ್ಕಕ್ಕೇ ಇಲ್ಲದಂತೆ ಹೊಡೆಯುತ್ತದೆ. ಮುಂದೆ ಏನ್ಷಿಯಂಟ್ ಬೆಹೆಮತ್ ಮಾಡಿಕೊಂಡರೆ ಅದು 80% ಆಗುತ್ತದೆ, ಜೀವ 300. ಏಂಜೆಲ್‌ನ ಮೇಲಿನ ರೂಪವಾದ ಆರ್ಕ್‌ಏಂಜೆಲ್‌ಗೇ 250.

ಸ್ಟ್ರಾಂಗ್‌ಹೋಲ್ಡ್ ತಗೊಂಡವರಿಗೆ ಮ್ಯಾಪ್‌ನಲ್ಲಿ ಹುಡುಕಬೇಕಾದದ್ದೂ ಸ್ಪಷ್ಟ. ಮೊದಲು ಮರ, ಅದಿರು, ಆಮೇಲೆ ಕ್ರಿಸ್ಟಲ್ ಗಣಿ. ಮರ, ಅದಿರಿನ ಗಣಿ ದಿನಕ್ಕೆ ಎರಡೆರಡು ಕೊಡುತ್ತವೆ, ಕ್ರಿಸ್ಟಲ್ ಗಣಿ ಒಂದೇ ಒಂದು. ಹಾಗಾಗಿ ಮೊದಲ ವಾರ ಕ್ರಿಸ್ಟಲ್ ಅನ್ನು ಬೇರೆ ಯಾವುದಕ್ಕೂ ಮುಟ್ಟಬೇಡಿ.

ಇದಕ್ಕಿಂತ ದೊಡ್ಡ ಕಾರಣ ಗಾಬ್ಲಿನ್. ಈ ಆಟದಲ್ಲಿ ಮೊದಲು ಕಲಿಯಬೇಕಾದ ವಿದ್ಯೆ ಸೈನ್ಯ ಉಳಿಸಿಕೊಂಡು ಗೆಲ್ಲುವುದು. ಪ್ರತಿ ಗಣಿಯ ಮುಂದೆ, ಪ್ರತಿ ನಿಧಿಯ ಮುಂದೆ ಯಾವುದೋ ಒಂದು ಗುಂಪು ಕಾವಲಿಗೆ ನಿಂತಿರುತ್ತದೆ. ಹೊಸಬರು ನೇರ ನುಗ್ಗಿ, ಗೆದ್ದು, ಅರ್ಧ ಸೈನ್ಯ ಕಳೆದುಕೊಂಡು ಬರುತ್ತಾರೆ. ಮೂರನೇ ಗಣಿ ಹೊತ್ತಿಗೆ ಹೀರೋ ಒಬ್ಬಂಟಿ.

ಒಂದು ಉದಾಹರಣೆ. ಎದುರಿಗೆ ಇಪ್ಪತ್ತು ಮೂವತ್ತು ವಾಕಿಂಗ್ ಡೆಡ್, ಅಂದರೆ ನಡೆದಾಡುವ ಹೆಣಗಳು, ನಿಂತಿವೆ ಅಂದುಕೊಳ್ಳಿ. ವೇಗ 3, ಅಂದರೆ ತೆವಳಿಕೊಂಡು ಬರುತ್ತವೆ. ನಿಮ್ಮ ಬಳಿ ಒಂದು ಗುಂಪು ವುಲ್ಫ್ ರೈಡರ್ (ತೋಳ ಸವಾರರು), ಒಂದಿಷ್ಟು ಗಾಬ್ಲಿನ್. ಸೈನ್ಯದಲ್ಲಿ ಏಳು ಜಾಗ ಇದೆಯಲ್ಲ, ಗಾಬ್ಲಿನ್‌ಗಳಲ್ಲಿ ಮೂರನ್ನು ಒಂಟಿ ಒಂಟಿಯಾಗಿ ಬೇರೆ ಬೇರೆ ಜಾಗಕ್ಕೆ ಹಾಕಿ. ಕಾಳಗ ಶುರುವಾದ ಮೇಲೆ ಅವಸರ ಬೇಡ, ಅವು ಹತ್ತಿರ ಬರಲಿ. ಹೊಡೆಯುವ ದೂರಕ್ಕೆ ಬಂದ ಸುತ್ತಿನಲ್ಲಿ ಮೊದಲ ಸರದಿ ವುಲ್ಫ್ ರೈಡರ್‌ಗಳದ್ದು, ಅವುಗಳ ವೇಗ 6. ಆಗ ‘ವೇಟ್’ ಒತ್ತಿ. ನಂತರ ಗಾಬ್ಲಿನ್‌ಗಳ ಸರದಿ. ಒಂಟಿ ಗಾಬ್ಲಿನ್ ಒಂದನ್ನು ಕಳಿಸಿ ಸುಮ್ನೆ ಒಂದು ಏಟು ಹಾಕಿಸಿ. ಅದರ ಏಟು ಯಾರಿಗೂ ತಾಗಿದಂತೆ ಇರುವುದಿಲ್ಲ. ಆ ಗುಂಪು ತಿರುಗಿ ಹೊಡೆಯುತ್ತದೆ, ಗಾಬ್ಲಿನ್ ಹೋಯಿತು. ಆದರೆ ಒಂದು ಗುಂಪು ಒಂದು ಸುತ್ತಿನಲ್ಲಿ ಒಂದೇ ಸಲ ತಿರುಗಿ ಹೊಡೆಯಬಲ್ಲದು. ಅವುಗಳ ಸ್ವಂತ ಸರದಿ ಬಂದಾಗ ಹತ್ತಿರ ನಿಲ್ಲಿಸಿದ ಇನ್ನೊಂದು ಒಂಟಿ ಗಾಬ್ಲಿನ್ ಮೇಲೆ ಬೀಳುತ್ತವೆ. ಸುತ್ತಿನ ಕೊನೆಗೆ, ಕಾಯುತ್ತಿದ್ದ ವುಲ್ಫ್ ರೈಡರ್‌ಗಳು ನುಗ್ಗಿ ಹೊಡೆಯುತ್ತವೆ. ತಿರುಗೇಟು ಇಲ್ಲ. ಗಾಬ್ಲಿನ್‌ಗೆ 40 ಚಿನ್ನ, ವುಲ್ಫ್ ರೈಡರ್‌ಗೆ 100. ಎರಡು ಗಾಬ್ಲಿನ್ ಕೊಟ್ಟು ವುಲ್ಫ್ ರೈಡರ್ ಗುಂಪನ್ನು ಇಡಿಯಾಗಿ ಉಳಿಸಿಕೊಂಡಿರಿ.

ಈ ಉಪಾಯ ಎಲ್ಲ ಟೌನ್‌ನಲ್ಲೂ ನಡೆಯುತ್ತದೆ. ಆದರೆ ಇಷ್ಟು ಅಗ್ಗಕ್ಕೆ ನಡೆಯುವುದು ಇಲ್ಲಿ. ಗಾಬ್ಲಿನ್ ವಾರಕ್ಕೆ 15 ಹುಟ್ಟುತ್ತವೆ, ಸತ್ತರೆ ಯಾರೂ ಅಳುವುದಿಲ್ಲ. ಕ್ಯಾಸಲ್‌ನ ಬಿಲ್ಲುಗಾರ ಒಬ್ಬ ಸತ್ತರೂ ಹೊಟ್ಟೆ ಉರಿಯುತ್ತದೆ. ಹಾಗಾಗಿ ಕ್ಯಾಸಲ್ ಆಡುವ ಹೊಸಬರು ಮನೆ ಬಿಟ್ಟು ಹೊರಡುವುದೇ ಇಲ್ಲ. ಊರಲ್ಲೇ ಕೂತು ಕಟ್ಟುತ್ತಾರೆ. ಅಷ್ಟರಲ್ಲಿ ಪಕ್ಕದವನು ಅರ್ಧ ಮ್ಯಾಪ್ ನುಂಗಿರುತ್ತಾನೆ.

ಹೀರೋ ಯಾರು ಅಂತಲೂ ಕೇಳುತ್ತೀರಿ. ಕ್ರ್ಯಾಗ್ ಹ್ಯಾಕ್. ಅವನ ವಿಶೇಷ ಆಫೆನ್ಸ್, ಅಂದರೆ ಕೈ ಕೈ ಮಿಲಾಯಿಸುವ ಸೈನಿಕರ ಹೊಡೆತ ಅವನ ಹಂತ ಏರಿದಂತೆಲ್ಲ ಏರುತ್ತಾ ಹೋಗುತ್ತದೆ. ಮೊದಲ ದಿನವೇ ಟ್ಯಾವರ್ನ್‌ನಲ್ಲಿ 2,500 ಚಿನ್ನ ಕೊಟ್ಟು ಇನ್ನೊಬ್ಬ ಹೀರೋನನ್ನು ತಗೊಳ್ಳಿ. ಅವನ ಜೊತೆ ಬಂದ ಸೈನಿಕರನ್ನು ಕ್ರ್ಯಾಗ್ ಹ್ಯಾಕ್‌ಗೆ ಕೊಟ್ಟು, ಆ ಎರಡನೇ ಹೀರೋನನ್ನು ಮರ, ಚಿನ್ನ ಆಯಲು ಕಳಿಸಿ. ಇನ್ನೊಂದು ಮಾತು: ಹೀರೋ ದಿನಕ್ಕೆ ಎಷ್ಟು ದೂರ ಹೋಗುತ್ತಾನೆ ಅನ್ನುವುದನ್ನು ಅವನ ಸೈನ್ಯದಲ್ಲಿ ಎಲ್ಲರಿಗಿಂತ ನಿಧಾನ ಇರುವವನು ನಿರ್ಧರಿಸುತ್ತಾನೆ. ಆದ್ದರಿಂದ ವೇಗ 4ರ ಓಗರ್‌ಗಳನ್ನು ಮೊದಮೊದಲು ಮನೆಯಲ್ಲೇ ಬಿಡಿ.

ಇನ್ನು ಸ್ಟ್ರಾಂಗ್‌ಹೋಲ್ಡ್‌ನ ಕೊರತೆ. ಮಂತ್ರ. ಇಲ್ಲಿ ಮೇಜ್ ಗಿಲ್ಡ್ ಮೂರನೇ ಹಂತಕ್ಕೇ ನಿಲ್ಲುತ್ತದೆ. ಸತ್ತ ಸೈನಿಕರನ್ನು ಎಬ್ಬಿಸುವ ರೆಸರೆಕ್ಷನ್, ಒಂದು ಊರಿಂದ ಇನ್ನೊಂದಕ್ಕೆ ಜಿಗಿಯುವ ಟೌನ್ ಪೋರ್ಟಲ್ ನಾಲ್ಕನೇ ಹಂತದವು. ಡೈಮೆನ್ಷನ್ ಡೋರ್ ಐದನೆಯದು. ಇವು ನಿಮ್ಮ ಊರಲ್ಲಿ ಸಿಗುವುದಿಲ್ಲ. ಕ್ರ್ಯಾಗ್ ಹ್ಯಾಕ್‌ನಂಥ ಬಾರ್ಬೇರಿಯನ್ ಹೀರೋ ಹುಟ್ಟುವಾಗ ದಾಳಿ 4, ರಕ್ಷಣೆ 0, ಮಂತ್ರಬಲ 1, ಜ್ಞಾನ 1. ಅವನ ಕೈಯಲ್ಲಿ ಮಂತ್ರದ ಪುಸ್ತಕವೂ ಇರುವುದಿಲ್ಲ, 500 ಚಿನ್ನ ಕೊಟ್ಟು ಕೊಡಿಸಬೇಕು. ಕೊಡಿಸಿ, ಮೊದಲ ಹಂತದ ಸ್ಲೋ ಅಥವಾ ಹೇಸ್ಟ್ ಸಿಕ್ಕರೂ ಸಾಕಷ್ಟು ಉಪಯೋಗ. ಆದರೆ ತಿಂಗಳುಗಟ್ಟಲೆ ನಡೆಯುವ ದೊಡ್ಡ ಮ್ಯಾಪ್‌ನಲ್ಲಿ, ಎದುರಾಳಿ ಚೈನ್ ಲೈಟ್ನಿಂಗ್ ಹಿಡಿದು ಬಂದಾಗ, ಸ್ಟ್ರಾಂಗ್‌ಹೋಲ್ಡ್ ಒದ್ದಾಡುತ್ತದೆ. ಆದ್ದರಿಂದ ಸ್ಮಾಲ್ ಅಥವಾ ಮೀಡಿಯಂ ಮ್ಯಾಪ್ ಆರಿಸಿ. ಬೇಗ ಹೋಗಿ ಬೇಗ ಹೊಡೆಯಿರಿ. ಮಂತ್ರ ಇಲ್ಲದಿರುವುದೇ ಕಲಿಯುವವರಿಗೆ ಒಂದು ಅನುಕೂಲ ಅಂತ ನನ್ನ ಅಭಿಪ್ರಾಯ. ಗಮನವೆಲ್ಲ ನಡಿಗೆ, ಸರದಿ, ಸೈನ್ಯದ ಮೇಲೆ ಇರುತ್ತದೆ.

“ನೆಕ್ರೊಪೊಲಿಸ್ ಇನ್ನೂ ಸುಲಭ ಅಂತಾರಲ್ಲ?” ಹೌದು, ಸುಲಭ. ಪ್ರತಿ ಗೆಲುವಿನ ನಂತರ ಸತ್ತವರಲ್ಲಿ ಒಂದು ಪಾಲು ಅಸ್ಥಿಪಂಜರಗಳಾಗಿ ಎದ್ದು ನಿಮ್ಮ ಕಡೆ ಬರುತ್ತವೆ, ಬಿಟ್ಟಿಯಾಗಿ. ವ್ಯಾಂಪೈರ್ ಲಾರ್ಡ್‌ಗಳು ಹೊಡೆದರೆ ತಿರುಗೇಟಿಲ್ಲ, ಹೀರಿದ ಜೀವದಿಂದ ಸತ್ತ ಜೊತೆಗಾರರೂ ಎದ್ದು ಕೂರುತ್ತಾರೆ. ಕಂಪ್ಯೂಟರ್ ವಿರುದ್ಧ ಗೆಲ್ಲಬೇಕು, ಅಷ್ಟೇ ಸಾಕು ಅನ್ನುವವರು ಕಣ್ಣು ಮುಚ್ಚಿ ತಗೊಳ್ಳಿ. ಕಲಿಯಲು ಮಾತ್ರ ಅದು ಒಳ್ಳೆಯದಲ್ಲ. ಏನೇ ತಪ್ಪು ಮಾಡಿದರೂ ಅಸ್ಥಿಪಂಜರಗಳ ರಾಶಿ ಮುಚ್ಚಿಹಾಕುತ್ತದೆ. ಗೆಳೆಯರ ಜೊತೆ ಆಡುವಾಗ ನೆಕ್ರೊಪೊಲಿಸ್ ತಗೊಂಡವನ ಮೇಲೆ ಗೊಣಗಾಟ ಇದ್ದದ್ದೇ. ಹೋಟಾ ಮಾಡಿದವರು ಹೀಗೆ ಸತ್ತವರನ್ನು ಎಬ್ಬಿಸುವ ಪ್ರಮಾಣವನ್ನು ಅರ್ಧಕ್ಕೆ ಇಳಿಸಿದ್ದಾರೆ ಅಂದರೆ ಅರ್ಥ ಮಾಡಿಕೊಳ್ಳಿ.

ಉಳಿದವನ್ನು ಬೇಗ ಮುಗಿಸುತ್ತೇನೆ. ರ‍್ಯಾಂಪಾರ್ಟ್ ನಿಮ್ಮ ಎರಡನೇ ಟೌನ್ ಆಗಲಿ. ಸೆಂಟಾರ್‌ಗಳು ಮೊದಲ ಹಂತದಲ್ಲೇ ಗಟ್ಟಿಗರು, ಗ್ರ್ಯಾಂಡ್ ಎಲ್ಫ್‌ಗಳು ಎರಡೆರಡು ಬಾಣ ಬಿಡುತ್ತವೆ. ಅಲ್ಲಿನ ಟ್ರೆಷರಿ ಕಟ್ಟಿದರೆ ಕೂಡಿಟ್ಟ ಚಿನ್ನಕ್ಕೆ ವಾರಕ್ಕೆ 10% ಬಡ್ಡಿ ಬೇರೆ. ಯಾವ ಬ್ಯಾಂಕ್ ಕೊಡುತ್ತೆ ಹೇಳಿ! ಫೋರ್ಟ್ರೆಸ್ ಕೂಡ ಮಂತ್ರದಲ್ಲಿ ಹಿಂದೆ, ಆದರೆ ರಕ್ಷಣೆಯಲ್ಲಿ ಮುಂದೆ. ಜೌಗು ನೆಲ ಅದರ ತವರು. ಡಂಜನ್‌ನ ಬ್ಲ್ಯಾಕ್ ಡ್ರ್ಯಾಗನ್‌ಗೆ ಯಾವ ಮಂತ್ರವೂ ತಾಗುವುದಿಲ್ಲ, ಆದರೆ ಅಲ್ಲಿಯವರೆಗೆ ಮುಟ್ಟಲು ದುಡ್ಡು ಸುರಿಯಬೇಕು. ಟವರ್ ಮಂತ್ರ ಪ್ರಿಯರಿಗೆ. ಅಲ್ಲಿ ನಾಗಗಳಿವೆ, ಸೊಂಟದ ಕೆಳಗೆ ಹಾವು, ಮೇಲೆ ಹಲವು ಕೈಗಳಲ್ಲಿ ಕತ್ತಿ. ನಾಗರ ಪಂಚಮಿ ಮಾಡುವ ಊರಿನವರಾದ ನಮಗೆ ಅವುಗಳ ಮೇಲೆ ಕತ್ತಿ ಎತ್ತಲು ಮನಸ್ಸು ಬರುವುದಿಲ್ಲ, ಎತ್ತಿದರೂ ಗೆಲ್ಲುವುದು ಕಷ್ಟ. ಕಾನ್‌ಫ್ಲಕ್ಸ್ ಬಲ ಜಾಸ್ತಿ, ಹಲವು ಗುಂಪುಗಳಲ್ಲಿ ಅದನ್ನು ಆಡಲು ಬಿಡುವುದಿಲ್ಲ, ಅಭ್ಯಾಸ ಮಾಡಿಕೊಳ್ಳಬೇಡಿ. ಇನ್‌ಫರ್ನೋ ಸದ್ಯಕ್ಕೆ ಬೇಡ. ಅದರ ಮಾಗಾಗ್‌ಗಳ ಬೆಂಕಿಯುಂಡೆ ಪಕ್ಕದಲ್ಲಿ ನಿಂತ ನಮ್ಮವರನ್ನೂ ಸುಡುತ್ತದೆ. ಅದರ ತಂತ್ರಗಳು ಚೆನ್ನಾಗಿವೆ, ಆದರೆ ಆಟ ಕೈವಶವಾದ ಮೇಲಷ್ಟೇ.

ಕ್ಯಾಸಲ್ ಬಗ್ಗೆ ನನಗೇನೂ ದ್ವೇಷವಿಲ್ಲ. ನಾಲ್ಕಾರು ಮ್ಯಾಪ್ ಸ್ಟ್ರಾಂಗ್‌ಹೋಲ್ಡ್ ಆಡಿ ಆಮೇಲೆ ಕ್ಯಾಸಲ್ ತಗೊಳ್ಳಿ. ಗ್ರಿಫಿನ್‌ಗಳನ್ನು ಮೊದಲ ವಾರ ಹೇಗೆ ಓಡಿಸಬೇಕು ಅಂತ ಆಗ ತಾನಾಗೇ ಗೊತ್ತಾಗಿರುತ್ತದೆ.

ಕೊಳ್ಳುವ ಮುಂಚೆ ಒಂದು ವಿಷಯ, ಏಕೆಂದರೆ ಇದರ ಹಿಂದೆಯೇ ಆ ಪ್ರಶ್ನೆ ಬರುತ್ತದೆ. ಯೂಬಿಸಾಫ್ಟ್ 2015ರಲ್ಲಿ ತಂದ ಎಚ್‌ಡಿ ಆವೃತ್ತಿ ಬೇಡ. ಅದರಲ್ಲಿ ವಿಸ್ತರಣೆಗಳಿಲ್ಲ, ಹೋಟಾ ಕೂಡ ಅದರ ಮೇಲೆ ಓಡುವುದಿಲ್ಲ. ಜಿಒಜಿ ಎಂಬ ಆನ್‌ಲೈನ್ ಅಂಗಡಿಯಲ್ಲಿ ಸಿಗುವ ‘ಕಂಪ್ಲೀಟ್’ ತಗೊಳ್ಳಿ, ಆಗಾಗ ರಿಯಾಯಿತಿಯಲ್ಲೂ ಬರುತ್ತದೆ. ಮೊದಲ ಒಂದೆರಡು ಮ್ಯಾಪ್ ಅದರಲ್ಲೇ ಆಡಿ, ಆಮೇಲೆ ಹೋಟಾ ಹಾಕಿಕೊಳ್ಳಿ.