ಹಗ್ಗ ಕಟ್ಟಿದಾಗ ಸಾಧು, ಬಿಚ್ಚಿದಾಗ ಪುಂಡ: ಇಳಿಯುವ ಹಾಪರ್‌ನ ಲಾಗ್

ನನ್ನ ಹಾಪರ್, ಅಂದರೆ ರಾಕೆಟ್‌ನ ಹಾಗೆ ಮೇಲೇರಿ ನೆಟ್ಟಗೆ ಇಳಿಯಬೇಕಾದ ಪುಟ್ಟ ಯಂತ್ರ, ಕೊನೆಗೂ ನಿಂತಿತು. ನಾಲ್ಕೂ ಕಾಲು ನೆಲದ ಮೇಲೆ, ಮೂತಿ ಆಕಾಶಕ್ಕೆ, ಫ್ಯಾನ್ ಆಫ್. ಬ್ಯಾಟರಿ ಬದಲಿಸಿ ಮತ್ತೆ ಹಾರಿಸಿದೆ, ಮತ್ತೆ ನಿಂತಿತು. ಇದು ಬರೀ ಅದೃಷ್ಟ ಅಲ್ಲ ಅಂತ ಈಗ ಧೈರ್ಯವಾಗಿ ಬರೆಯಬಹುದು.

ಫ್ರೇಮ್, ಪ್ರಿಂಟಿಂಗ್, ವೈರಿಂಗ್ ಎಲ್ಲ ನಿಮಗೆ ಗೊತ್ತಿರುವುದೇ, ಬಿಡಿ. 70 ಎಂಎಂ ಇಡಿಎಫ್ (ಕೊಳವೆಯೊಳಗೆ ತಿರುಗುವ ವಿದ್ಯುತ್ ಫ್ಯಾನ್), ಅದರ ಗಾಳಿ ಹೊರಬರುವ ಬಾಯಿಗೆ ಗಾಳಿಯ ದಿಕ್ಕು ಬದಲಿಸುವ ನಾಲ್ಕು ವೇನ್, ಅವನ್ನು ತಿರುಗಿಸಲು ನಾಲ್ಕು ಸರ್ವೋ ಮೋಟಾರ್, ಲೆಕ್ಕ ಮಾಡಲು ಟೀನ್ಸಿ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡ್, ಎತ್ತರ ನೋಡಲು ಲೇಸರ್ ಸೆನ್ಸರ್. ಮದ್ದಿನ ಮೋಟಾರ್ ಯಾಕೆ ಹಾಕಲಿಲ್ಲ ಅಂತ ಕೇಳುವವರಿಗೆ: ಅದನ್ನು ಹೊತ್ತಿಸಿದ ಮೇಲೆ ಹೆಚ್ಚು ಕಡಿಮೆ ಮಾಡುವುದು ಸುಲಭವಲ್ಲ. ಅಮೆರಿಕದ ಮಾಡೆಲ್ ರಾಕೆಟ್ ತಯಾರಕ ಜೋ ಬರ್ನಾರ್ಡ್ ಅಂಥ ಮೋಟಾರಿನಲ್ಲೇ 2022ರಲ್ಲಿ ಮಾಡೆಲ್ ರಾಕೆಟ್ಟನ್ನು ನೆಟ್ಟಗೆ ಇಳಿಸಿ ತೋರಿಸಿದರು, ನಿಜ. ಅದಕ್ಕೆ ಅವರು ವರ್ಷಗಟ್ಟಲೆ ಕೂತಿದ್ದರು. ನನಗೆ ಅಷ್ಟು ತಾಳ್ಮೆ ಇಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಗಿಂಬಲ್ ಸ್ಟ್ಯಾಂಡ್ (ಯಂತ್ರವನ್ನು ಹಿಡಿದಿಟ್ಟು ವಾಲಲು ಮಾತ್ರ ಬಿಡುವ ಚೌಕಟ್ಟು) ಮೇಲೆ ಹಾಪರ್ ಚಿನ್ನದಂಥ ಮಗು. ಮೇಲಿಂದ ಸಡಿಲವಾಗಿ ಹಗ್ಗ ಕಟ್ಟಿ ಹಾರಿಸಿದರೂ ಅಷ್ಟೇ, ಒಂದೇ ಜಾಗದಲ್ಲಿ ತೇಲುತ್ತಿತ್ತು. ಕೈಯಲ್ಲಿ ತಳ್ಳಿದರೆ ಒಂದು ಸಲ ಓಲಾಡಿ ನೆಟ್ಟಗಾಗುತ್ತಿತ್ತು. ಹಗ್ಗ ಬಿಚ್ಚಿ ಮೇಲಕ್ಕೆ ಕಳಿಸಿ ಇಳಿಸಿದರೆ ಸಾಕು, ನೆಲ ಎರಡು ಮೂರು ಮೀಟರ್ ಇರುವಾಗ ಪಕ್ಕಕ್ಕೆ ಮಗುಚಿ ಬೀಳುತ್ತಿತ್ತು. ಕಾಲುಗಳ ಕಾರ್ಬನ್ ಟ್ಯೂಬ್ ಮುರಿದು ಮುರಿದು, ಈಗ ಅವನ್ನು ಉಳಿಸಿಕೊಳ್ಳುವ ಆಸೆಯೇ ಹೋಗಿದೆ.

ಇಳಿಯುವ ಲೆಕ್ಕ ಸರಳ. 8 ಮೀಟರ್ ಎತ್ತರದಲ್ಲಿ ಥ್ರಸ್ಟನ್ನು, ಅಂದರೆ ಫ್ಯಾನ್ ಮೇಲಕ್ಕೆ ತಳ್ಳುವ ಬಲವನ್ನು, ತೂಕದ ಅರ್ಧಕ್ಕೆ ಇಳಿಸು. 4 ಮೀಟರ್ ಬೀಳಲಿ. ಆಮೇಲೆ ತೂಕದ ಒಂದೂವರೆ ಪಟ್ಟು ಥ್ರಸ್ಟ್ ಕೊಟ್ಟು, ಉಳಿದ 4 ಮೀಟರ್‌ನಲ್ಲಿ ನಿಲ್ಲಿಸು. ನಡುವೆ ವೇಗ ಸೆಕೆಂಡಿಗೆ 6 ಮೀಟರ್ ದಾಟುತ್ತದೆ. ಕೊನೆಯ ಗಳಿಗೆಯಲ್ಲಿ ಬ್ರೇಕ್ ಹಾಕುವ ಇದೇ ಕ್ರಮವನ್ನು ಸ್ಪೇಸ್‌ಎಕ್ಸ್ ಕಂಪನಿಯ ಫಾಲ್ಕನ್ 9 ರಾಕೆಟ್ ಕೂಡ ಅನುಸರಿಸುತ್ತದೆ. ಇಳಿದು ಬರುವ ಅದರ ಕೆಳಭಾಗ, ಅಂದರೆ ಖಾಲಿಯಾದ ಬೂಸ್ಟರ್, ಎಷ್ಟು ಹಗುರ ಅಂದರೆ ಒಂದೇ ಎಂಜಿನ್ ಅನ್ನು ಎಷ್ಟು ತಗ್ಗಿಸಿದರೂ ಅದು ತೇಲಲಾರದು. ವೇಗ ಸೊನ್ನೆಯಾಗುವ ಹೊತ್ತಿಗೆ ಸರಿಯಾಗಿ ನೆಲ ಸಿಗಬೇಕು, ತಪ್ಪಿದರೆ ಮತ್ತೆ ಮೇಲಕ್ಕೇ ಹೊರಡುತ್ತದೆ.

ಮೊದಲು ಗೇನ್ (ವಾಲಿದ್ದನ್ನು ಎಷ್ಟು ಜೋರಾಗಿ ತಿದ್ದಬೇಕು ಅನ್ನುವ ಪ್ರಮಾಣ) ಇಳಿಸಿ ನೋಡಿದೆ. ಬ್ರೇಕ್ ಹೊತ್ತಿಗೆ ಸ್ವಲ್ಪ ಸಮಾಧಾನ, ಆದರೆ ಬೀಳುವಾಗ ಅಮಲೇರಿದವರ ಹಾಗೆ ವಾಲಾಟ. ಡಿ ಟರ್ಮ್, ಅಂದರೆ ವಾಲುವ ವೇಗಕ್ಕೆ ತಡೆ ಹಾಕುವ ಭಾಗ, ಏರಿಸಿದೆ. ಸರ್ವೋಗಳು ಗುಂಯ್ ಅಂತ ಬಿಸಿಯಾದವು, ಮಗುಚುವುದು ಮಾತ್ರ ನಿಲ್ಲಲಿಲ್ಲ. ಆಗ ಸರ್ವೋ ಮೇಲೇ ಅನುಮಾನ ಬಂತು. ಬಿಚ್ಚಿ ನೋಡಿದರೆ ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ‘ಮೆಟಲ್ ಗೇರ್’, ಒಳಗೆ ನಾಲ್ಕರಲ್ಲಿ ಒಂದು ಗೇರ್ ಪ್ಲಾಸ್ಟಿಕ್. ಮಾರಿದವರಿಗೆ ಫೋಟೋ ಸಮೇತ ಬರೆದೆ. ‘ಬ್ಯಾಟರಿ ಪೂರ್ತಿ ಚಾರ್ಜ್ ಆಗಿದೆಯಾ ನೋಡಿ’ ಅಂತ ಉತ್ತರ ಬಂತು! ಇದೇ ಮಹಾನುಭಾವರು ಕಳಿಸಿದ ಎರಡನೇ ಫ್ಯಾನ್‌ನಲ್ಲಿ ಪಾರ್ಟ್ ನಂಬರ್ ಅದೇ, ಮೋಟಾರ್ ಮಾತ್ರ ಬೇರೆ. ಇನ್ನು ಡಬ್ಬದ ಮೇಲೆ ಬರೆದ ಥ್ರಸ್ಟ್ ಸಂಖ್ಯೆ ನನ್ನ ತಕ್ಕಡಿಗಂತೂ ಕಾಣಿಸಲೇ ಇಲ್ಲ.

ಗುಟ್ಟು ಬಿಟ್ಟುಕೊಟ್ಟಿದ್ದು ಲಾಗ್‌ನ, ಅಂದರೆ ಬೋರ್ಡ್ ಬರೆದಿಟ್ಟ ಹಾರಾಟದ ದಾಖಲೆಯ, ಎರಡು ಗೆರೆ. ಒಂದು ವಾಲಿದ ಕೋನ, ಇನ್ನೊಂದು ವೇನ್‌ಗೆ ಹೋದ ಆಜ್ಞೆ. ಹಾಪರ್ ಎಡಕ್ಕೆ ವಾಲಿದ ಹಾರಾಟದಲ್ಲೆಲ್ಲ ಬಿದ್ದಿದ್ದು ಬಲಕ್ಕೆ. ಬಲಕ್ಕೆ ವಾಲಿದಾಗ ಎಡಕ್ಕೆ. ಅಂದರೆ ತಿದ್ದುವ ಕೈ ಸೋತು ಬಿದ್ದಿದ್ದಲ್ಲ, ಅತಿಯಾಗಿ ತಿದ್ದಿ ಬಿದ್ದಿದ್ದು. ಬ್ರೇಕ್ ಶುರುವಾಗುವ ಮೊದಲೇ ವೇನ್ ಒಂದು ಬದಿಯ ಕೊನೆಗೆ ಹೋಗಿ ಕಚ್ಚಿಕೊಂಡಿತ್ತು.

ವೇನ್‌ಗೆ ಬಲ ಬರುವುದು ಫ್ಯಾನ್ ಗಾಳಿಯಿಂದ. ನೀರು ಹರಿಯದಿದ್ದರೆ ದೋಣಿಯ ಚುಕ್ಕಾಣಿ ಎಷ್ಟು ತಿರುಗಿಸಿ ಏನು ಬಂತು? ಥ್ರಸ್ಟ್ ಅರ್ಧವಾದರೆ ವೇನ್‌ನ ಬಲವೂ ಹೆಚ್ಚೂಕಡಿಮೆ ಅರ್ಧ. ಬೀಳುವಾಗ ಹಾಪರ್ ಒಂಚೂರು ವಾಲುತ್ತದೆ, ಪಿಐಡಿ (ವಾಲಿದ್ದನ್ನು ನೋಡಿ ವೇನ್‌ಗೆ ಆಜ್ಞೆ ಕೊಡುವ ಲೆಕ್ಕ) ತಿದ್ದಲು ಹೇಳುತ್ತದೆ, ವೇನ್ ಸಣ್ಣಗೆ ಕೆಲಸ ಮಾಡುತ್ತದೆ, ವಾಲುವುದು ಹೋಗುವುದಿಲ್ಲ. ಉಳಿದ ತಪ್ಪನ್ನು ಕೂಡಿಸುತ್ತ ಹೋಗುವ ಅದರ ಭಾಗ, ಇಂಟಿಗ್ರಲ್, ಕೂತು ಕೂತು ಸಿಟ್ಟು ಕೂಡಿಡುತ್ತದೆ. ಅಷ್ಟರಲ್ಲಿ ಬ್ರೇಕ್. ಥ್ರಸ್ಟ್ ಮೂರು ಪಟ್ಟಾಯಿತು, ಪೂರ್ತಿ ತಿರುಗಿದ ವೇನ್‌ಗೂ ಮೂರು ಪಟ್ಟು ಬಲ ಬಂತು. ಆಚೆ ಬದಿಗೆ ಒದ್ದು ಕೆಡವಿತು.

ಈಗ ಹಗ್ಗದ ಪರೀಕ್ಷೆ ನೆನಪಿಸಿಕೊಳ್ಳಿ. ಅಲ್ಲಿ ಹಾಪರ್ ಬರೀ ತೇಲುತ್ತದೆ, ಥ್ರಸ್ಟ್ ಯಾವಾಗಲೂ ತೂಕಕ್ಕೆ ಸಮ. ವೇನ್‌ನ ಬಲ ಕುಗ್ಗುವ ಸಂದರ್ಭವೇ ಇಲ್ಲ. ಇನ್ನೂ ನೂರು ಸಲ ಕಟ್ಟಿ ಹಾರಿಸಿದ್ದರೂ ಈ ತೊಂದರೆ ಮುಖ ತೋರಿಸುತ್ತಿರಲಿಲ್ಲ.

ದೊಡ್ಡವರ ಪಾಡೂ ಇದೇ ಅಲ್ವಾ? ಸ್ಪೇಸ್‌ಎಕ್ಸ್‌ನ ಸ್ಟಾರ್‌ಶಿಪ್ ರಾಕೆಟ್‌ನ ಪರೀಕ್ಷಾ ಮಾದರಿ ಎಸ್‌ಎನ್8 2020ರ ಡಿಸೆಂಬರ್ 9ರಂದು ಸುಮಾರು 12.5 ಕಿ.ಮೀ. ಹಾರಿ, ಹೊಟ್ಟೆ ಕೆಳಗೆ ಮಾಡಿ ಬಿದ್ದು, ನೆಟ್ಟಗಾಗಿ, ಕೊನೆಗೆ ಇಳಿಯಲೆಂದು ಇಂಧನ ಮೀಸಲಿಟ್ಟ ಹೆಡರ್ ಟ್ಯಾಂಕ್‌ನಲ್ಲಿ ಒತ್ತಡ ಸಾಲದೆ ನೆಲಕ್ಕೆ ಬಡಿದು ಸಿಡಿಯಿತು. ಆ ಪಲ್ಟಿಯನ್ನು ಸ್ಟ್ಯಾಂಡ್ ಮೇಲೆ ಹೊಡೆಸಿ ನೋಡುವುದು ಹೇಗೆ? ಮುಂದಿನ ಮಾದರಿಗಳಲ್ಲಿ ಎಸ್‌ಎನ್15 ಸರಿಯಾಗಿ ಇಳಿದು ಉಳಿದಿದ್ದು 2021ರ ಮೇ 5ಕ್ಕೆ. 2025ರ ಡಿಸೆಂಬರ್‌ನಲ್ಲಿ ಚೀನಾದ ಝುಚ್ಯೂ-3 ರಾಕೆಟ್ ಮೊದಲ ಹಾರಾಟದಲ್ಲೇ ಕಕ್ಷೆ ಸೇರಿತು, ಬೂಸ್ಟರ್ ಮಾತ್ರ ಇಳಿಯುವ ಹೊತ್ತಿಗೆ ಬೆಂಕಿ ಹತ್ತಿ ಬಿತ್ತು. ಏರುವುದು ಒಂದು ಯಂತ್ರ, ಇಳಿಯುವುದು ಇನ್ನೊಂದು ಯಂತ್ರ ಅನ್ನಿಸಿಬಿಟ್ಟಿದೆ ನನಗೆ.

ನನ್ನ ಕೇಸಿಗೆ ತೀರಾ ಹತ್ತಿರದ್ದು ಫಾಲ್ಕನ್ 9ರ 2015ರ ಏಪ್ರಿಲ್‌ನ ಇಳಿಕೆ. ಬೂಸ್ಟರ್ ತಾನು ಇಳಿಯಬೇಕಿದ್ದ ಹಡಗಿನ ತನಕ ಬಂದು, ಕೊನೆಯಲ್ಲಿ ಆ ಕಡೆ ಈ ಕಡೆ ತೂಗಿ ಮಗುಚಿತು. ಥ್ರಾಟಲ್ (ಎಂಜಿನ್ ಬಲ ಹೆಚ್ಚು ಕಡಿಮೆ ಮಾಡುವ) ವಾಲ್ವ್ ಅಂಟಿಕೊಂಡಂತಾಗಿ ಆಜ್ಞೆಗೆ ತಡವಾಗಿ ಓಗೊಟ್ಟಿದ್ದು ಕಾರಣ ಅಂತ ಕಂಪನಿ ಹೇಳಿತ್ತು. ಆ ‘ತಡ’ವೇ ನನಗೂ ಮುಂದಿನ ಹೊಂಡವಾಯಿತು.

ಪರಿಹಾರ ಸುಲಭ ಅಂದುಕೊಂಡೆ. ಗೇನ್ ಅನ್ನು ಥ್ರಸ್ಟ್‌ನಿಂದ ಭಾಗಿಸು, ಮುಗಿಯಿತು. ಆದರೆ ಥ್ರಸ್ಟ್ ಎಷ್ಟಿದೆ ಅಂತ ಹೇಳುವವರು ಯಾರು? ಥ್ರಾಟಲ್ ಆಜ್ಞೆಯನ್ನೇ ನಂಬಿದೆ. ಆಜ್ಞೆ ಕ್ಷಣದಲ್ಲಿ ಜಿಗಿಯುತ್ತದೆ, ಫ್ಯಾನ್ ವೇಗ ಹಿಡಿಯಲು ಸಮಯ ಬೇಕು. ಥ್ರಸ್ಟ್ ಬಂತು ಅಂದುಕೊಂಡು ಗೇನ್ ಮೊದಲೇ ಕುಗ್ಗುತ್ತಿತ್ತು, ಆ ನಡುವೆ ವೇನ್‌ಗೆ ಹೇಳುವವರು ಕೇಳುವವರು ಇಲ್ಲ. ಜೊತೆಗೆ ಇಳಿಯುವ ಹೊತ್ತಿಗೆ ಬ್ಯಾಟರಿ ವೋಲ್ಟೇಜ್ ಬಿದ್ದಿರುತ್ತದೆ, ಅದೇ ಥ್ರಾಟಲ್‌ಗೆ ಕಡಿಮೆ ಥ್ರಸ್ಟ್.

ಹಾಗಾಗಿ ಫ್ಯಾನನ್ನೇ ಕೇಳುವ ದಾರಿ ಹಿಡಿದೆ. ಬೈಡೈರೆಕ್ಷನಲ್ ಡಿಶಾಟ್ (ಎರಡೂ ಕಡೆ ಮಾತಾಡುವ ಸಂಕೇತ ಕ್ರಮ) ಇರುವ ಇಎಸ್‌ಸಿ, ಅಂದರೆ ಮೋಟಾರ್ ವೇಗದ ನಿಯಂತ್ರಕ, ಹಾಕಿದೆ, ಅದು ನಿಜವಾದ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ವಾಪಸ್ ಹೇಳುತ್ತದೆ. ಥ್ರಸ್ಟ್ ಆರ್‌ಪಿಎಂನ ವರ್ಗದ ಜೊತೆ ಏರುತ್ತದೆ, ತಕ್ಕಡಿ ಮೇಲಿಟ್ಟು ನೋಡಿದೆ, ಗೆರೆ ಚೆನ್ನಾಗಿಯೇ ಕೂತಿತು. ಈಗ ಗೇನ್ ಆ ಸಂಖ್ಯೆಯಿಂದ ಭಾಗವಾಗುತ್ತದೆ. ವೇನ್ ಕೊನೆ ಮುಟ್ಟಿದ ಕೂಡಲೇ ಇಂಟಿಗ್ರಲ್ ಬಾಯಿ ಬಂದ್. ಫ್ಯಾನ್ ಒಮ್ಮೆಗೇ ವೇಗ ಏರಿಸಿದಾಗ ಇಡೀ ದೇಹ ತಿರುಚಿಕೊಳ್ಳುವುದಕ್ಕೂ ಅದೇ ಆರ್‌ಪಿಎಂ ನೋಡಿ ಮುಂಚಿತವಾಗಿ ವೇನ್ ತಿರುಗಿಸುತ್ತೇನೆ. ಹೊಸ ಲಾಗ್‌ನಲ್ಲಿ ಬ್ರೇಕ್ ಹೊತ್ತಿಗೆ ವೇನ್ ಅರ್ಧದಷ್ಟೂ ತಿರುಗಿಲ್ಲ. ಕೋನದ ಗೆರೆಯಲ್ಲಿ ಒಂದು ಸಣ್ಣ ಉಬ್ಬು, ಅಷ್ಟೇ.

‘ಗ್ರಿಡ್ ಫಿನ್ (ಜಾಲರಿಯಂಥ ರೆಕ್ಕೆ) ಹಾಕಿ’ ಅಂತ ಸಲಹೆ ಕೊಡುವವರಿಗೆ ನಮಸ್ಕಾರ. ಎಂಜಿನ್ ಆಫ್ ಇರುವಾಗ ಫಾಲ್ಕನ್ ಬೂಸ್ಟರನ್ನು ತಿರುಗಿಸುವುದು ಅವೇ, ಆದರೆ ಅಲ್ಲಿ ಗಾಳಿಯ ರಭಸವೇ ಬೇರೆ. ಸೆಕೆಂಡಿಗೆ 6 ಮೀಟರ್‌ನಲ್ಲಿ ಅದು ಸುಮ್ನೆ ಅಲಂಕಾರ.

ನನ್ನ ತಲೆ ಆಗಲೇ ಬೇರೆ ಕಡೆ ಓಡಿದೆ. 2024ರ ಅಕ್ಟೋಬರ್ 13ರಂದು ಸ್ಟಾರ್‌ಶಿಪ್‌ನ ಬೂಸ್ಟರನ್ನು ಗೋಪುರದ ತೋಳುಗಳು ಹಿಡಿದವಲ್ಲ, ಅದು ನೋಡಿದಾಗಿನಿಂದ ಕಾಲು ಕಿತ್ತುಹಾಕುವ ಆಸೆ. ಕಾಲಿಲ್ಲದಿದ್ದರೆ ತೂಕ ಉಳಿಯುತ್ತದೆ, ಮುರಿಯುವ ಟ್ಯೂಬೂ ಇಲ್ಲ! ಎರಡು ಅಲ್ಯೂಮಿನಿಯಂ ತೋಳು, ಎರಡು ದೊಡ್ಡ ಸರ್ವೋ ಸಾಕು. ತೊಡಕು ಅಂದರೆ ಮಾಮೂಲಿ ಜಿಪಿಎಸ್ ಮೀಟರ್‌ಗಟ್ಟಲೆ ತಪ್ಪು ಹೇಳುತ್ತದೆ, ತೋಳಿನ ನಡುವೆ ಹೋಗಲು ಸೆಂಟಿಮೀಟರ್ ಲೆಕ್ಕ ಬೇಕು. 2025ರ ಜೂನ್‌ನಲ್ಲಿ ಹೋಂಡಾ ತನ್ನ 6.3 ಮೀಟರ್ ಉದ್ದದ ಪರೀಕ್ಷಾ ರಾಕೆಟ್ಟನ್ನು 271.4 ಮೀಟರ್ ಹಾರಿಸಿ, ಗುರಿಯಿಂದ 37 ಸೆಂ.ಮೀ. ದೂರದಲ್ಲಿ ಇಳಿಸಿತು. ನನ್ನ ತೋಳಿನ ಸಂದಿಗೆ ಅದೂ ಜಾಸ್ತಿಯೇ. ಕೆಳಗೆ ಏಪ್ರಿಲ್‌ಟ್ಯಾಗ್ (ಕ್ಯಾಮೆರಾ ಗುರುತಿಸುವ ಕಪ್ಪು ಬಿಳುಪು ಚೌಕದ ಗುರುತು) ಅಂಟಿಸಿ ಕ್ಯಾಮೆರಾದಿಂದ ನೋಡುವುದೋ, ಸೆಂಟಿಮೀಟರ್ ಲೆಕ್ಕದಲ್ಲಿ ಜಾಗ ಹೇಳುವ ಆರ್‌ಟಿಕೆ ಜಿಪಿಎಸ್ ಕೊಳ್ಳುವುದೋ ಇನ್ನೂ ತೀರ್ಮಾನ ಆಗಿಲ್ಲ. ಬ್ರೇಕ್ ಹೊತ್ತಿಗೆ ಏಳುವ ಧೂಳಿನಲ್ಲಿ ಟ್ಯಾಗ್ ಕಾಣುತ್ತದಾ, ಯಾರಾದರೂ ಮಾಡಿ ನೋಡಿದ್ದರೆ ಹೇಳಿ.

ಅದಕ್ಕೂ ಮೊದಲು ಗಾಳಿ ಬೀಸುವ ಹೊತ್ತಿನಲ್ಲಿ ಇಳಿಸಬೇಕು. ಇಲ್ಲಿವರೆಗಿನದೆಲ್ಲ ಎಲೆ ಅಲ್ಲಾಡದ ಬೆಳಗಿನ ಹಾರಾಟ. ಮುಂದಿನ ಲಾಗ್ ಅದರದ್ದೇ, ಬದಲಿ ಸರ್ವೋ ಬಂದರೆ. ಈ ಸಲ ಬೇರೆ ಕಡೆಯಿಂದ ತರಿಸಿದ್ದೇನೆ. ಬಂದ ಕೂಡಲೇ ಬಿಚ್ಚಿ ಗೇರ್ ಎಣಿಸುವುದು ಮೊದಲ ಕೆಲಸ.