ಬರೆಯೋಕೆ ಟೈಮ್ ಎಲ್ಲಿ ಸಿಗುತ್ತೆ ಅಂತ ಕೇಳುವವರಿಗೆ

ಚಿತ್ರದುರ್ಗದಲ್ಲಿ ಬೀಜ ಗೊಬ್ಬರದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಮನೆಯಲ್ಲಿ ಶಾಲೆಗೆ ಹೋಗುವ ಇಬ್ಬರು ಮಕ್ಕಳು, ವಯಸ್ಸಾದ ಅತ್ತೆ. ಇದರ ಜೊತೆಗೆ ನಮ್ಮ ಕಡೆಯ ಹಿರಿಯರು ನೀರಿನ ಬಗ್ಗೆ ಹೇಳುವ ನೆನಪುಗಳನ್ನು ಬರೆದಿಡುತ್ತಿದ್ದೇನೆ. ಮದುವೆ ಮನೆಯಲ್ಲಿ ಸಿಕ್ಕವರೂ, ಅಂಗಡಿಗೆ ಬಂದವರೂ ಕೇಳುವುದು ಒಂದೇ ಪ್ರಶ್ನೆ: "ಇಷ್ಟೆಲ್ಲ ಇಟ್ಕೊಂಡು ಬರೆಯೋಕೆ ಟೈಮ್ ಎಲ್ಲಿ ಸಿಗುತ್ತೆ?"

ಆ ಟೈಮನ್ನು ಕೊಡುವವರು ನಮ್ಮ ಮನೆಯವರು. ಭಾನುವಾರ ಬೆಳಗ್ಗೆ ತಿಂಡಿ ನಮ್ಮ ಯಜಮಾನರದು. ಮಂಡಕ್ಕಿ ಒಗ್ಗರಣೆ ಮಾಡಿ, ಮಕ್ಕಳಿಗೆ ತಲೆಸ್ನಾನ ಮಾಡಿಸುತ್ತಾರೆ. ಅಷ್ಟು ಹೊತ್ತು ನಾನು ಒಳಗಿನ ಕೋಣೆಯಲ್ಲಿ ಕೂತು ಬರೆಯುತ್ತೇನೆ. ಇದು ತಾನಾಗಿ ಆಗಲಿಲ್ಲ, ನಾನು ಬಾಯಿ ಬಿಟ್ಟು ಕೇಳಿದೆ. "ನನಗೊಂದು ಪುಸ್ತಕ ಮಾಡಬೇಕು ಅಂತಿದೆ, ಭಾನುವಾರ ಬೆಳಗ್ಗೆ ನನ್ನನ್ನು ಕರೀಬೇಡಿ" ಅಂದೆ. ಆಸೆಯನ್ನು ಮನಸ್ಸಲ್ಲೇ ಇಟ್ಟುಕೊಂಡರೆ ಮನೆಯವರಿಗೆ ಹೇಗೆ ಗೊತ್ತಾಗಬೇಕು? ಬರೆಯುವ ಗಂಡಸರಿಗೆ ಈ ಪ್ರಶ್ನೆ ಕೇಳಿದ್ದನ್ನು ನಾನು ಕಂಡಿಲ್ಲ. ಅವರ ತಟ್ಟೆಗೆ ಹೊತ್ತಿಗೆ ಸರಿಯಾಗಿ ಊಟ ಬಂದಿರುತ್ತದೆ, ಅದನ್ನು ಯಾರೋ ಮಾಡಿರುತ್ತಾರೆ. ಅವರನ್ನೂ ಕೇಳಬೇಕು.

ವರ್ಷವಿಡೀ ಬರೆಯುತ್ತೇನೆ ಅಂತಲೂ ಅಲ್ಲ. ಮುಂಗಾರು ಶುರುವಾದರೆ ಅಂಗಡಿಯಲ್ಲಿ ಉಸಿರಾಡಲು ಬಿಡುವಿರುವುದಿಲ್ಲ. ಮೆಕ್ಕೆಜೋಳದ ಬೀಜ, ಗೊಬ್ಬರ, ಸಾಲದ ಪುಸ್ತಕ, ರಾತ್ರಿಯವರೆಗೂ ಲೆಕ್ಕ. ಆ ದಿನಗಳಲ್ಲಿ ನಾನು ಪೆನ್ನು ಹಿಡಿಯುವುದು ಬಿಲ್ ಬರೆಯಲು ಮಾತ್ರ. ಬೇಸರವೇನಿಲ್ಲ. ಮಳೆ ಬಂದ ವರ್ಷ ರೈತರ ಮುಖ ಹೇಗಿರುತ್ತದೆ, ತಡವಾದಾಗ ಹೇಗಿರುತ್ತದೆ ಅಂತ ಅಲ್ಲೇ ಕೂತು ನೋಡಿದ್ದರಿಂದಲೇ ನೀರಿನ ಕಥೆ ಕೇಳುವ ಹುಚ್ಚು ಹಿಡಿದದ್ದು.

ಇನ್ನು ಕೆಲವರು, "ಮಕ್ಕಳು ದೊಡ್ಡವರಾಗಲಿ, ಆಮೇಲೆ ಬರೆದರಾಯ್ತು, ಅಲ್ವಾ?" ಅನ್ನುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುವ ಮಾತು. ಆದರೆ ನಾನು ಕಾಯುವ ಹಾಗಿಲ್ಲ.

ನಮ್ಮ ಅತ್ತೆಯ ತವರು ಹಿರಿಯೂರು ಕಡೆ. ಅಲ್ಲಿ ವೇದಾವತಿಗೆ ಅಡ್ಡವಾಗಿ ಕಟ್ಟಿದ ವಾಣಿವಿಲಾಸ ಸಾಗರವನ್ನು ನಾವೆಲ್ಲ ಮಾರಿಕಣಿವೆ ಅಂತಲೇ ಕರೆಯುವುದು. ಅಣೆಕಟ್ಟು ಕಟ್ಟಿ ಮುಗಿದದ್ದು 1907ರಲ್ಲಿ. ಅದು ತುಂಬಿ ಕೋಡಿ ಬಿದ್ದದ್ದು 1933ರಲ್ಲಿ. ಅತ್ತೆಯ ತಾಯಿ ಆಗ ಚಿಕ್ಕ ಹುಡುಗಿ, ದೊಡ್ಡವರ ಹೆಗಲ ಮೇಲೆ ಕೂತು ಆ ನೀರು ನೋಡಿದ್ದರಂತೆ. ಆಮೇಲೆ ಕೋಡಿ ಬೀಳಲು 89 ವರ್ಷ ಬೇಕಾಯಿತು. 2022ರಲ್ಲಿ ಆ ಸುದ್ದಿ ಬಂದಾಗ ಅತ್ತೆ ಹಠ ಹಿಡಿದು ನಮ್ಮನ್ನೆಲ್ಲ ಹೊರಡಿಸಿದರು. ನೀರಿಗೆ ಅರಿಶಿನ ಕುಂಕುಮ ಹಾಕಿ, "ಅವ್ವ, ನಾನೂ ನೋಡಿದೆ" ಅಂದರು. ನಾನು ಬರೆಯಲು ಶುರು ಮಾಡಿದ್ದು ಆ ವಾರ.

ಅಲ್ಲಿಂದ ಒಬ್ಬರು ಇನ್ನೊಬ್ಬರ ಮನೆ ತೋರಿಸುತ್ತಾ ಹೋದರು. ಬರಗಾಲದಲ್ಲಿ ಬಾವಿಯ ತಳಕ್ಕೆ ಇಳಿದು ಚೊಂಬಿನಲ್ಲಿ ನೀರು ತುಂಬಿದವರು, ರಾತ್ರಿ ಟ್ಯಾಂಕರ್‌ಗಾಗಿ ಬೀದಿಯಲ್ಲೇ ಮಲಗಿದವರು. ನಮ್ಮ ಕೋಟೆಯಲ್ಲಿ ಬಂಡೆಯ ಮೇಲೆ ಬಿದ್ದ ಮಳೆ ನೀರನ್ನು ಹಿಡಿಯಲು ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿ ಹೊಂಡ ಎಲ್ಲ ಇವೆ, ಅವುಗಳ ಬಗ್ಗೆ ಬೋರ್ಡು ಇದೆ, ಪುಸ್ತಕಗಳಿವೆ. ಬಾವಿಗೆ ಇಳಿದ ಹೆಂಗಸರ ಬಗ್ಗೆ ಏನಿದೆ? 1933ರ ನೀರು ಕಂಡವರು ಈಗ ಸಿಗುವುದೇ ಕಷ್ಟ. ಅವರ ಬಾಯಿಂದ ಕೇಳಿದವರಿಗೂ ವಯಸ್ಸಾಗಿದೆ. ಹೋದ ಸಲ ಮಾತಾಡಿಸಿ ಬಂದ ಒಬ್ಬ ಅಜ್ಜಿ ಈಗಿಲ್ಲ. ಅವರ ದನಿ ನನ್ನ ಫೋನಿನಲ್ಲಿದೆ, ಅದನ್ನು ಅವರ ಮಗಳಿಗೆ ಕೇಳಿಸಿ ಬಂದೆ.

ಪುಸ್ತಕ ಯಾವಾಗ ಬರುತ್ತೆ ಅಂತ ಹೇಳಲಾರೆ. ಮುಂಗಾರು ಮುಗಿದ ಮೇಲೆ ಹೊಸದುರ್ಗದ ಕಡೆ ಹೋಗುವುದಿದೆ. ಮಕ್ಕಳಿಗೆ ರಜೆ ಇದ್ದರೆ ಅವರನ್ನೂ ಕರೆದುಕೊಂಡು ಹೋಗುತ್ತೇನೆ. ನಿಮ್ಮ ಮನೆಯಲ್ಲೂ ಇಂಥ ಹಿರಿಯರಿದ್ದರೆ ನಾನು ಬರುವವರೆಗೆ ಕಾಯಬೇಡಿ. ನೀವೇ ಪಕ್ಕದಲ್ಲಿ ಕೂತು, ನೀರು ಎಲ್ಲಿಂದ ತರ್ತಿದ್ರಿ ಅಂತ ಕೇಳಿ, ರೆಕಾರ್ಡ್ ಮಾಡಿಟ್ಟುಕೊಳ್ಳಿ.